ಕೊಳಗವೂ ದೀಪವೂ: ಕೊಡಗಿನ ಚರಿತ್ರೆಯಲ್ಲಿ ಸುವಾರ್ತೆಯ ನಿತ್ಯಜೀವನ

ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಎರಡು ವಸ್ತುಗಳಿಗೆ ವಿಶೇಷವಾದ ಸ್ಥಾನವಿದ್ದಿತು. ಒಂದು, ಸಂಜೆಯಾಗುತ್ತಲೇ ನಡುಮನೆಯಲ್ಲಿ ಹೊತ್ತಿಸುತ್ತಿದ್ದ ತೂಗುದೀಪ. ಇನ್ನೊಂದು, ಪತ್ತಾಯದ ಬಳಿಯಲ್ಲಿ ಇಟ್ಟಿರುತ್ತಿದ್ದ ಕೊಳಗ. ದೀಪದ ಮುಂದೆ ನಿಂತು ಮನೆಯವರು ಕುಲದ ಹಿರಿಯರನ್ನು ನೆನೆಯುತ್ತಿದ್ದರು. ಕೊಳಗದಿಂದ ಅಳೆದು ಆಳುಗಳಿಗೆ ಬತ್ತವನ್ನು ಕೊಡುತ್ತಿದ್ದರು. ಮೊದಲನೆಯದು ದೈವಕ್ಕೆ ಸಂಬಂಧಪಟ್ಟುದು, ಎರಡನೆಯದು ವ್ಯವಹಾರಕ್ಕೆ ಸಂಬಂಧಪಟ್ಟುದು ಎಂದು ನಾವು ಸಾಮಾನ್ಯವಾಗಿ ವಿಭಾಗ ಮಾಡಿಕೊಳ್ಳುತ್ತೇವೆ. ಕ್ರೈಸ್ತರ ಸುವಾರ್ತೆಗಳನ್ನು ಓದುವವರಿಗೆ ಈ ವಿಭಾಗವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಹೊತ್ತಿಸಿದ ದೀಪವನ್ನು ಯಾರೂ ಕೊಳಗದೊಳಗೆ ಮುಚ್ಚಿಡುವುದಿಲ್ಲವೆಂಬುದು ಆ ಗ್ರಂಥದ ಒಂದು ಬೋಧೆ. ಪರರಿಗೆ ಅಳೆದುಕೊಡುವಾಗ ನಾವು ಹಿಡಿಯುವ ಅಳತೆಯೇ ಕೊನೆಗೆ ನಮ್ಮ ಪಾಲನ್ನೂ ನಿರ್ಣಯಿಸುವುದೆಂಬುದು ಇನ್ನೊಂದು ಬೋಧೆ. ಎರಡನ್ನೂ ಕೂಡಿಸಿ ಯೋಚಿಸಿದರೆ, ದೀಪದ ಬೆಳಕು ಮೊದಲು ಬೀಳಬೇಕಾದುದು ಕೊಳಗದ ಮೇಲೆಯೇ ಎಂದು ತೋರುವುದು.

ಈ ಲೇಖನವು ಮತಪ್ರಚಾರಕ್ಕಾಗಿ ಬರೆದುದಲ್ಲ, ಮತಖಂಡನೆಗಾಗಿಯೂ ಅಲ್ಲ. ಸುವಾರ್ತೆಯ ಉಪದೇಶವು ಕೊಡಗಿನಲ್ಲಿ ನಿತ್ಯಜೀವನವನ್ನು ಮುಟ್ಟಿದ ಕೆಲವು ಸಂದರ್ಭಗಳನ್ನು ಚರಿತ್ರೆಯಿಂದ ಆಯ್ದು ವಾಚಕರ ಮುಂದಿಡುವುದು ಇದರ ಉದ್ದೇಶ. ಆಶ್ರಯ, ಊಟದ ಪಂಕ್ತಿ, ದುಡಿಮೆಯ ಕೂಲಿ ಇವು ಮೂರೂ ಎಲ್ಲ ಮನೆಗಳಿಗೂ ಸೇರಿದ ವಿಷಯಗಳು. ಇವುಗಳಲ್ಲಿ ಒಂದು ಬೋಧೆಯು ಹೇಗೆ ಪರೀಕ್ಷೆಗೆ ಬಂದಿತೆಂಬುದನ್ನು ನೋಡುವುದರಿಂದ, ಆ ಮತಕ್ಕೆ ಸೇರಿದವರಿಗೂ ಸೇರದವರಿಗೂ ಪ್ರಯೋಜನವುಂಟೆಂದು ನನ್ನ ನಂಬಿಕೆ.

ಮೊದಲು ಗ್ರಂಥದ ವಿಚಾರವಾಗಿ ಒಂದೆರಡು ಮಾತುಗಳು. ಲಂಡನ್ ಮಿಶನ್ ಸಂಘದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಿಸುವ ಕೆಲಸಕ್ಕೆ ಕೈಯಿಟ್ಟರು. ಸಂಪೂರ್ಣವಾದ ಕನ್ನಡ ಬೈಬಲು 1831ರಲ್ಲಿ ಮುಗಿಯಿತು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಅವರ ಅಚ್ಚುಕೂಟವು ಸ್ಥಾಪಿತವಾಯಿತು. ಅವರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಎಂಬವರು ಅನುವಾದವನ್ನು ತಿದ್ದಿ ಒಪ್ಪವಿಡುವುದಕ್ಕೆ ಬಹಳವಾಗಿ ಶ್ರಮಿಸಿ, 1855ರಲ್ಲಿ ತೀರಿಕೊಂಡರು. ಇವರೆಲ್ಲರಿಗೂ ಎದುರಾದ ತೊಡಕು ಒಂದೇ. ಪಾಲೆಸ್ತೀನದ ಹಳ್ಳಿಯಲ್ಲಿ ಹುಟ್ಟಿದ ದೃಷ್ಟಾಂತಗಳಿಗೆ ಕನ್ನಡದಲ್ಲಿ ಮನೆ ಕಟ್ಟಬೇಕಾಗಿತ್ತು. ರೋಮನರ ಧಾನ್ಯದ ಅಳತೆಯು ಕೊಳಗವಾಯಿತು. ಬಿತ್ತುವವನು, ಕುರಿ ಕಾಯುವವನು, ಕಳೆದ ನಾಣ್ಯಕ್ಕಾಗಿ ದೀಪ ಹಿಡಿದು ಮನೆ ಗುಡಿಸುವ ಹೆಂಗಸು, ಹಿಟ್ಟನ್ನು ಹುಳಿಬರಿಸುವ ಗೃಹಿಣಿ ಇವರೆಲ್ಲರೂ ನಮ್ಮ ನೆರೆಹೊರೆಯವರಂತೆಯೇ ಕಾಣಿಸಿಕೊಂಡರು. ಆ ಗ್ರಂಥದ ದೃಷ್ಟಾಂತಗಳಲ್ಲಿ ದೇವಾಲಯಕ್ಕಿಂತ ಹೆಚ್ಚಾಗಿ ಹೊಲ, ಅಡಿಗೆಮನೆ, ಸಂತೆ, ಸಾಲ ಇವುಗಳೇ ಬರುತ್ತವೆಂಬುದು ಗಮನಿಸತಕ್ಕ ಸಂಗತಿ. ಆದುದರಿಂದ ಅವುಗಳ ಅರ್ಥವನ್ನು ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಹುಡುಕುವುದೇ ನ್ಯಾಯವಾದುದು.

ಕನ್ನಡದಲ್ಲಿ ಈ ಗ್ರಂಥವು ಅಚ್ಚಾಗುವುದಕ್ಕೆ ಮುಂಚೆಯೇ ಕೊಡಗಿಗೆ ಕ್ರೈಸ್ತರು ಬಂದಿದ್ದರು. ಅವರು ಬೋಧಕರಾಗಿ ಬಂದವರಲ್ಲ, ಆಶ್ರಯವನ್ನು ಬೇಡಿ ಬಂದವರು. 1784ರಲ್ಲಿ ಟೀಪೂ ಸುಲ್ತಾನನು ಕೆನರಾ ಸೀಮೆಯ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ವೃತ್ತಾಂತವು ಪ್ರಸಿದ್ಧವಾಗಿದೆ. ಘಟ್ಟವನ್ನು ಹತ್ತುವಾಗಲೂ ಸೆರೆಯಲ್ಲಿಯೂ ಬಹು ಜನರು ಪ್ರಾಣವನ್ನು ನೀಗಿದರು. ತಪ್ಪಿಸಿಕೊಂಡವರಲ್ಲಿ ಕೆಲವರು ಕೊಡಗಿನ ಕಾಡುಗಳನ್ನು ಹೊಕ್ಕು ದೊಡ್ಡವೀರರಾಜೇಂದ್ರನ ಆಶ್ರಯಕ್ಕೆ ಬಂದರು. ಈ ದೊರೆಯೂ ಸೆರೆಯ ರುಚಿಯನ್ನು ಕಂಡವನೇ. ಟೀಪೂವಿನ ಕಾವಲಿನಲ್ಲಿ ಪಿರಿಯಾಪಟ್ಟಣದಲ್ಲಿದ್ದ ಅವನು 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗಳಿಸಿದನು. ಅವನು 1792ರಲ್ಲಿ ತನ್ನ ಹೆಸರಿನಿಂದ ವೀರರಾಜಪೇಟೆಯನ್ನು ಕಟ್ಟಿಸಿದಾಗ, ಈ ಕ್ರೈಸ್ತರಿಗೆ ಅಲ್ಲಿ ನೆಲೆಯನ್ನೂ ಗುಡಿಗೆ ಸ್ಥಳವನ್ನೂ ಕೊಟ್ಟನು. ವೀರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿಯು ಅಂದಿನಿಂದ ತನ್ನ ಚರಿತ್ರೆಯನ್ನು ಎಣಿಸುವುದು.

ದೊರೆಯು ಲಿಂಗವನ್ನು ಧರಿಸಿದವನು. ಬಂದವರು ಶಿಲುಬೆಯನ್ನು ಪೂಜಿಸುವವರು. ಸುವಾರ್ತೆಯಲ್ಲಿ ಲೂಕನು ಹೇಳುವ ಒಂದು ಕಥೆಯುಂಟು. ದಾರಿಯಲ್ಲಿ ಕಳ್ಳರ ಪೆಟ್ಟಿಗೆ ಸಿಕ್ಕಿ ಬಿದ್ದಿದ್ದವನನ್ನು ಅವನ ಮತದವರೇ ಆದ ಯಾಜಕನೂ ಲೇವಿಯನೂ ನೋಡಿ ಆಚೆಗೆ ಸರಿದು ಹೋದರು. ಅವನಿಗೆ ಅನ್ಯನೆನಿಸಿದ ಸಮಾರ್ಯದವನೊಬ್ಬನು ಗಾಯಗಳನ್ನು ಕಟ್ಟಿ, ತನ್ನ ವಾಹನದ ಮೇಲೆ ಕೂಡಿಸಿ, ಛತ್ರಕ್ಕೆ ಕೊಂಡೊಯ್ದು, ಖರ್ಚನ್ನೂ ಕೊಟ್ಟನು. ಕೊಡಗಿನ ಕ್ರೈಸ್ತರ ಚರಿತ್ರೆಯ ಮೊದಲನೆಯ ಪುಟದಲ್ಲಿ ಈ ಕಥೆಯೇ ಬರೆದಿದೆ. ಆದರೆ ಇಲ್ಲಿ ಕ್ರೈಸ್ತರು ಗಾಯಗೊಂಡವನ ಸ್ಥಾನದಲ್ಲಿದ್ದಾರೆ. ಕಟ್ಟುಕಟ್ಟಿದವನು ಬೇರೆ ಮತದವನು. ಈ ದೊರೆಯನ್ನು ಸಾಧುವೆಂದು ಹೇಳಲು ನಾನು ಹೊರಟಿಲ್ಲ. 1809ರಲ್ಲಿ ಮುಗಿದ ಅವನ ಆಳಿಕೆಯ ಕಡೆಯ ವರ್ಷಗಳು ಸಂಶಯದಿಂದಲೂ ರಕ್ತದಿಂದಲೂ ಮಲಿನವಾದುವು. ಆದರೂ ಅನ್ಯನಿಗೆ ಬಾಗಿಲನ್ನು ತೆರೆದ ಆ ಒಂದು ಕಾರ್ಯವು ಅವನ ಪಾಪಗಳಿಂದ ಸುಳ್ಳಾಗಲಿಲ್ಲ. ಒಳ್ಳೆಯ ಕೆಲಸವು ನಮ್ಮವರಿಂದಲೇ ಆಗಬೇಕೆಂಬ ನಿಯಮವಿಲ್ಲವೆಂಬುದನ್ನು ಸುವಾರ್ತೆಯೂ ಹೇಳುವುದು, ವೀರಾಜಪೇಟೆಯ ಚರಿತ್ರೆಯೂ ಹೇಳುವುದು.

ಇನ್ನು ಮುಂದಿನ ಕಾಲಕ್ಕೆ ಬರೋಣ. 1834ರ ಏಪ್ರಿಲ್ ತಿಂಗಳಲ್ಲಿ ಚಿಕ್ಕವೀರರಾಜನು ಪದಚ್ಯುತನಾಗಿ, ಕೊಡಗು ಕುಂಪಣಿ ಸರ್ಕಾರದ ವಶವಾಯಿತು. ಕಾಶಿಯಲ್ಲಿ ವಾಸವಾಗಿದ್ದ ಈ ದೊರೆಯು 1852ರಲ್ಲಿ ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಆ ಹನ್ನೊಂದು ವರ್ಷದ ಬಾಲೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಆ ದಿನದ ವೈಭವವನ್ನು ಪತ್ರಿಕೆಗಳು ಕೊಂಡಾಡಿದುವು. ಆಮೇಲೆ ಆ ಹುಡುಗಿಯ ಪಾಡು ಏನಾಯಿತು? ತಂದೆಯಿಂದ ಅಗಲಿಸಿ ಅವಳನ್ನು ಪರರ ಮನೆಗಳಲ್ಲಿ ಬೆಳೆಯಿಸಿದರು. 1859ರಲ್ಲಿ ತಂದೆಯು ಲಂಡನ್ನಿನಲ್ಲಿ ತೀರಿಕೊಂಡನು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಎಳೆಯ ಪ್ರಾಯದಲ್ಲಿಯೇ ಗೌರಮ್ಮನು ಕಣ್ಮುಚ್ಚಿದಳು. ಇತ್ತ ಮಡಿಕೇರಿಯ ಕೋಟೆಯೊಳಗೆ ವೀರಭದ್ರ ದೇವಸ್ಥಾನವಿದ್ದ ಕಡೆಯಲ್ಲಿ 1855ರಲ್ಲಿ ಆಂಗ್ಲರ ಸಂತ ಮಾರ್ಕನ ದೇವಾಲಯವು ಎದ್ದಿತು. ಅದರಲ್ಲಿ ಈಗ ಪ್ರಾರ್ಥನೆಯಿಲ್ಲ, ಸರ್ಕಾರದ ವಸ್ತುಸಂಗ್ರಹಾಲಯವಿದೆ. ನಾಡಿನ ಬೇರೆ ಬೇರೆ ಕಡೆಗಳಿಂದ ತಂದ ಶಿಲಾವಿಗ್ರಹಗಳೂ ವೀರಗಲ್ಲುಗಳೂ ಅಲ್ಲಿ ಕುಳಿತಿವೆ. ಅಧಿಕಾರದ ಬಲದಿಂದ ಬಂದ ದೀಪವು ದೊಡ್ಡ ಕಂಬದ ಮೇಲೆ ಏರಿದ್ದರೂ ಮನೆಯೊಳಗಣ ಕತ್ತಲೆಗೆ ಅದರ ಬೆಳಕು ಇಳಿಯಲಿಲ್ಲವೆಂದು ಈ ಎರಡು ಸಂಗತಿಗಳಿಂದ ತಿಳಿಯಬಹುದು.

ಆದರೆ ಗೌರಮ್ಮನ ದೀಕ್ಷೆಯಾದ ಕಾಲದಲ್ಲಿಯೇ, ಯಾವ ವೈಭವವೂ ಇಲ್ಲದೆ, ಇನ್ನೊಂದು ಸಂಗತಿಯು ನಡೆಯಿತು. ಹರ್ಮನ್ ಮೋಗ್ಲಿಂಗ್ ಎಂಬ ಬಾಸೆಲ್ ಮಿಶನಿನ ಪಾದ್ರಿಗಳ ಹೆಸರನ್ನು ಕನ್ನಡಿಗರು ಬಲ್ಲರು. ಇವರು 1811ರಲ್ಲಿ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿ, 1836ರಲ್ಲಿ ಭಾರತಕ್ಕೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದವರು, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ನಮ್ಮ ಪ್ರಾಚೀನ ಗ್ರಂಥಗಳನ್ನು ಅಚ್ಚುಮಾಡಿಸಿದವರು, ದಾಸರ ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದವರು. 1852ರಲ್ಲಿ ದೇಹಾಲಸ್ಯದಿಂದ ಸ್ವದೇಶಕ್ಕೆ ಹಿಂದಿರುಗಬೇಕೆಂದು ಅವರು ಸಿದ್ಧರಾಗಿದ್ದಾಗ, ಆಲ್ಮಂಡ ಸೋಮಯ್ಯನವರೆಂಬ ಕೊಡವ ಗೃಹಸ್ಥರು ಮಂಗಳೂರಿಗೆ ಬಂದು ತಮ್ಮನ್ನು ಶಿಷ್ಯನಾಗಿ ಸ್ವೀಕರಿಸಬೇಕೆಂದು ಕೇಳಿಕೊಂಡರು. ಮೋಗ್ಲಿಂಗರು ಪ್ರಯಾಣವನ್ನು ಬಿಟ್ಟು ಸೋಮಯ್ಯನವರೊಡನೆ ಕೊಡಗಿಗೆ ನಡೆದರು. ಸೋಮಯ್ಯನವರು ದೀಕ್ಷೆಯನ್ನು ಹೊಂದಿ ಸ್ತೆಫನನೆಂಬ ಹೆಸರನ್ನು ಧರಿಸಿದರು.

ಕೊಡವರಲ್ಲಿ ಒಕ್ಕವೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಜಮ್ಮದ ಭೂಮಿ, ಐನ್‌ಮನೆ, ಕಾರಣವರ ನೆನಪು, ಹುತ್ತರಿಯ ಕದಿರು, ಮದುವೆಯ ಮುಹೂರ್ತ, ಮರಣದ ಸೂತಕ ಇವೆಲ್ಲವೂ ಒಕ್ಕದ ಸೊತ್ತು. ಒಬ್ಬನು ತಾನೊಬ್ಬನೇ ಎಂದು ಎಣಿಸಿಕೊಳ್ಳುವ ಪದ್ಧತಿಯೇ ಅಲ್ಲಿಲ್ಲ. ಸೋಮಯ್ಯನವರನ್ನು ಅವರ ಜನರು ಹೊರಗಿಟ್ಟರು. ಮತಾಂತರದಿಂದ ಆಸ್ತಿಯ ಹಕ್ಕು ಅಳಿಯಬಾರದೆಂದು ಕುಂಪಣಿ ಸರ್ಕಾರದವರು 1850ರ 21ನೆಯ ಆಕ್ಟಿನಿಂದ ವಿಧಿಸಿದ್ದರು. ಕಾನೂನು ಭೂಮಿಯನ್ನು ಉಳಿಸಬಲ್ಲುದು. ಐನ್‌ಮನೆಯ ಕೈಸಾಲೆಯಲ್ಲಿ ಅಣ್ಣತಮ್ಮಂದಿರ ನಡುವೆ ಕುಳಿತುಕೊಳ್ಳುವ ಸ್ಥಳವನ್ನು ಅದು ಕೊಡಲಾರದು.

ಇಲ್ಲಿ ಊಟದ ಪಂಕ್ತಿಯ ಪ್ರಶ್ನೆಯು ಬರುತ್ತದೆ. ಯೇಸುವಿನ ಮೇಲೆ ಅವನ ಕಾಲದ ಶಿಷ್ಟರು ಹೊರಿಸಿದ ದೂರುಗಳಲ್ಲಿ ದೊಡ್ಡದೊಂದು, ಅವನು ಎಂಥವರ ಸಂಗಡ ಊಟಮಾಡುತ್ತಾನೆಂಬುದೇ ಆಗಿತ್ತು. ಸುಂಕದವನಾದ ಜಕ್ಕಾಯನ ಮನೆಯಲ್ಲಿ ಅವನು ಅತಿಥಿಯಾದುದನ್ನು ಕಂಡು ಊರು ಗೊಣಗಿತು. ಒಂದು ಪಂಕ್ತಿಯನ್ನು ಸೇರುವುದು ಇನ್ನೊಂದು ಪಂಕ್ತಿಯನ್ನು ಬಿಟ್ಟಂತೆ ಎಂಬುದು ಆ ದೇಶದಲ್ಲಿಯೂ ಈ ದೇಶದಲ್ಲಿಯೂ ಒಂದೇ. ಹೊಸ ಪಂಕ್ತಿಯನ್ನು ಹೊಗಳುವಾಗ ಹಳೆಯ ಪಂಕ್ತಿಯಲ್ಲಿ ಖಾಲಿಯಾದ ಎಲೆಯನ್ನು ನಾವು ಮರೆಯುತ್ತೇವೆ. ಸೋಮಯ್ಯನವರ ಮನಸ್ಸಿನ ನಿರ್ಧಾರವನ್ನು ಗೌರವಿಸುವವರು, ಅವರನ್ನು ಕಳೆದುಕೊಂಡ ಮನೆಯವರ ದುಃಖವನ್ನೂ ದುಃಖವೆಂದೇ ಎಣಿಸಬೇಕು. ಕಳೆದುಹೋದ ಒಂದು ಕುರಿಗಾಗಿ ಅಲೆಯುವವನ ಕಥೆಯನ್ನು ಹೇಳುವ ಗ್ರಂಥವು, ಮಗನನ್ನು ಕಳೆದುಕೊಂಡ ತಂದೆಯು ದಾರಿ ನೋಡುವುದನ್ನೂ ಅದೇ ಅಧ್ಯಾಯದಲ್ಲಿ ಹೇಳಿದೆಯಷ್ಟೆ.

ಮೋಗ್ಲಿಂಗರು ಕೊಡವ ಮನೆತನಗಳೆಲ್ಲವೂ ತಮ್ಮ ಬೋಧೆಯ ಕಡೆಗೆ ತಿರುಗುವುವೆಂದು ಆಶಿಸಿ ಬಂದಿದ್ದರು. ಹಾಗೆ ಆಗಲಿಲ್ಲ. ಕೊಡವರು ಅವರನ್ನು ಗೌರವದಿಂದ ಕಂಡರು, ಶಾಲೆಗಳನ್ನು ಬಯಸಿದರು, ತಮ್ಮ ದೀಪವನ್ನು ಮಾತ್ರ ಬಿಡಲಿಲ್ಲ. ಬಾಗಿಲಿಗೆ ಬಂದವರು ಬೇರೆಯವರು. ಆಗಿನ ದಾಖಲೆಗಳಲ್ಲಿ ಹೊಲೆಯರೆಂದು ಬರೆದಿರುವ, ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತ ಮಾಡುತ್ತಿದ್ದ ಜನರು ಅವರನ್ನು ಹುಡುಕಿಕೊಂಡು ಬಂದರು.

ಜೀತದ ವಿಚಾರವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕೊಡಗಿನ ರಾಜರ ಕಾಲದಲ್ಲಿ ದೊರೆಯ ಪಣ್ಯದ ಗದ್ದೆಗಳನ್ನೂ ಗೃಹಸ್ಥರ ಜಮ್ಮದ ಗದ್ದೆಗಳನ್ನೂ ದುಡಿಯುತ್ತಿದ್ದವರಲ್ಲಿ ಬಹು ಮಂದಿ ಸ್ವತಂತ್ರರಾಗಿರಲಿಲ್ಲ. ಕೆಲವರು ಭೂಮಿಗೆ ಕಟ್ಟುಬಿದ್ದವರು. ಭೂಮಿ ಕೈಮಾರಿದರೆ ಅವರೂ ಕೈಮಾರುವರು. ಕೆಲವರು ಯಜಮಾನನ ಮನೆಗೆ ಕಟ್ಟುಬಿದ್ದವರು. ಬತ್ತದ ಅಳತೆಯೇ ಅವರ ಕೂಲಿ. ವರ್ಷಕ್ಕೊಮ್ಮೆ ಬಟ್ಟೆ, ಹಬ್ಬಕ್ಕೊಂದಿಷ್ಟು ಪಾಲು. 1843ರ 5ನೆಯ ಆಕ್ಟಿನಿಂದ ಗುಲಾಮನ ಮೇಲಣ ಹಕ್ಕನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ನಿಯಮವಾಯಿತು. 1860ರ ದಂಡಸಂಹಿತೆಯು ಗುಲಾಮರನ್ನು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದು ಸಾರಿತು. ಆದರೆ ಕಾಗದದ ಮೇಲೆ ಬಿಡುಗಡೆಯಾದವನು ನಾಳೆಯ ಗಂಜಿಗೆ ಎಲ್ಲಿಗೆ ಹೋಗಬೇಕು? ಭೂಮಿಯಿಲ್ಲ, ಎತ್ತಿಲ್ಲ, ಬಿತ್ತನೆಯ ಬತ್ತವಿಲ್ಲ. ಆದುದರಿಂದ ಬಿಡುಗಡೆಯಾದ ಆಳು ಹಳೆಯ ಯಜಮಾನನ ಅಂಗಳದಲ್ಲಿಯೇ ನಿಂತನು.

ಈ ಸಂಕಟಕ್ಕೆ ಉತ್ತರವಾಗಿ ಹುಟ್ಟಿದುದೇ ಆನಂದಪುರ. ಇಂದಿನ ಸಿದ್ದಾಪುರ, ಅಮ್ಮತ್ತಿ ಸೀಮೆಯಲ್ಲಿರುವ ಈ ಊರನ್ನು ಮೋಗ್ಲಿಂಗರು 1850ರ ದಶಕದ ಉತ್ತರಾರ್ಧದಲ್ಲಿ ಕಟ್ಟತೊಡಗಿದರು. ಸರ್ಕಾರದಿಂದ ಕಾಡನ್ನು ಪಡೆದು, ಮರ ಕಡಿದು, ತಗ್ಗಿನಲ್ಲಿ ಗದ್ದೆಯನ್ನೂ ಇಳಿಜಾರಿನಲ್ಲಿ ಕಾಫಿಯನ್ನೂ ಮಾಡಿ, ದೀಕ್ಷೆ ಹೊಂದಿದ ಜೀತದ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. ಒಂದು ಪ್ರಾರ್ಥನಾಮಂದಿರವೂ ಒಂದು ಶಾಲೆಯೂ ಅದಕ್ಕೆ ಕೂಡಿಕೊಂಡುವು. ಹಿಂದೆ ಗದ್ದೆಯ ಬದುವಿನ ಮೇಲೆ ಯಜಮಾನನ ಕೂಗಿಗೆ ಓಡುತ್ತಿದ್ದವರು ಇಲ್ಲಿ ಗಂಟೆಯ ಸದ್ದಿಗೆ ಸೇರಿ ಅಕ್ಷರ ಕಲಿತರು. ವಾರದಲ್ಲಿ ಒಂದು ದಿನ ದುಡಿಯದೆ ಇರುವುದು ಅವರಿಗೆ ಹೊಸ ಅನುಭವ. ನಮ್ಮಂಥವರಿಗೆ ವಿರಾಮವು ಸ್ವಾಭಾವಿಕವಾಗಿ ಕಾಣುತ್ತದೆ. ತನ್ನ ದಿನವೇ ತನ್ನದಲ್ಲದವನಿಗೆ ಅದೊಂದು ದೊಡ್ಡ ಐಶ್ವರ್ಯ.

ದ್ರಾಕ್ಷಾತೋಟದ ಯಜಮಾನನ ದೃಷ್ಟಾಂತವನ್ನು ಆನಂದಪುರದ ಕಾಫಿಯ ಸಾಲಿನಲ್ಲಿ ನಿಂತು ಓದಿದರೆ ಅದರ ಅರ್ಥವು ಬೇರೆಯಾಗಿ ಹೊಳೆಯುವುದು. ಆ ಯಜಮಾನನು ಸಂತೆಯಲ್ಲಿ ಕೆಲಸವಿಲ್ಲದೆ ನಿಂತಿದ್ದವರನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಸಂಜೆಯೂ ಕರೆದು, ಕಡೆಗೆ ಎಲ್ಲರಿಗೂ ಇಡೀ ದಿನದ ಕೂಲಿಯನ್ನು ಕೊಟ್ಟನು. ಬೆಳಗಿನಿಂದ ದುಡಿದವರು ಸಿಡುಕಿದರು. ಪಂಡಿತರು ಇದಕ್ಕೆ ದೇವರ ಕೃಪೆಯೆಂದು ಅರ್ಥ ಹೇಳುವರು, ಅದು ಸರಿಯೇ. ಆದರೆ ಕೂಲಿಯವನು ಅದರಲ್ಲಿ ಕೇಳುವುದು ಬೇರೊಂದನ್ನು. ಸಂಜೆ ಬಂದವನ ಮನೆಯಲ್ಲಿಯೂ ಮಕ್ಕಳಿಗೆ ಹಸಿವು ಪೂರ್ತಿಯಾಗಿಯೇ ಇರುತ್ತದೆ. ಅರ್ಧ ದಿನದ ಕೂಲಿಯಿಂದ ಅರ್ಧ ಹಸಿವು ಮಾತ್ರ ಇರುವುದೆಂದು ಯಾರೂ ಹೇಳಲಾರರು. ಕೊಳಗದ ಲೆಕ್ಕಕ್ಕೂ ಮನೆಯ ಹಸಿವಿಗೂ ನಡುವೆ ಇರುವ ಅಂತರವನ್ನು ಕಾಣುವ ಕಣ್ಣನ್ನೇ ಆ ದೃಷ್ಟಾಂತವು ಯಜಮಾನನಿಂದ ಕೇಳುವುದು.

ಆನಂದಪುರದ ಚರಿತ್ರೆಯಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯರ ಹೆಸರೂ ಹೆಣೆದುಕೊಂಡಿದೆ. ಇವರು ಮಂಗಳೂರಿನ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, 1844ರಲ್ಲಿ ಮೋಗ್ಲಿಂಗರ ಶಿಷ್ಯರಾಗಿ ದೀಕ್ಷೆ ಹೊಂದಿ, ಬಾಸೆಲಿಗೆ ಹೋಗಿ ವೇದಶಾಸ್ತ್ರವನ್ನು ಕಲಿತು, 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದವರು. ವೇದಾಧ್ಯಯನದ ಮನೆಯಲ್ಲಿ ಬೆಳೆದವರೊಬ್ಬರು, ಗದ್ದೆಯ ಜೀತದಲ್ಲಿ ಬೆಳೆದವರು, ಜರ್ಮನಿಯಿಂದ ಬಂದವರು ಇವರೆಲ್ಲರೂ ಪ್ರಭುಭೋಜನದಲ್ಲಿ ಒಂದೇ ರೊಟ್ಟಿಯನ್ನು ಮುರಿದು ತಿನ್ನತಕ್ಕವರಾದರು. ಈಗ ಇದನ್ನು ಓದುವಾಗ ವಿಶೇಷವೇನೂ ತೋರದಿರಬಹುದು. 1850ರ ದಶಕದ ಕೊಡಗಿನಲ್ಲಿ, ನೆರಳು ಬಿದ್ದರೂ ದೂರ ಸರಿಯುತ್ತಿದ್ದ ಕಾಲದಲ್ಲಿ, ಆ ಒಂದು ರೊಟ್ಟಿಯ ತುಂಡು ಎಷ್ಟು ಭಾರವಾಗಿತ್ತೆಂಬುದನ್ನು ನಮ್ಮ ಹಿರಿಯರು ಮಾತ್ರ ಹೇಳಬಲ್ಲವರಾಗಿದ್ದರು.

ಹೀಗೆಂದು ಆನಂದಪುರವನ್ನು ಸ್ವರ್ಗವೆಂದು ವರ್ಣಿಸುವುದು ಚರಿತ್ರಕಾರನ ಧರ್ಮವಲ್ಲ. ಅಲ್ಲಿ ಬೋಧಕನೇ ಭೂಮಿಯ ಒಡೆಯನೂ ಆಗಿದ್ದನು. ಆತ್ಮವನ್ನು ಕಾಯುವವನೂ ಕೂಲಿಯನ್ನು ಕೊಡುವವನೂ ಒಬ್ಬನೇ ಆದಾಗ, ಕೇಳುವವನ ‘ಹೌದು’ ಎಂಬ ಮಾತು ನಂಬಿಕೆಯಿಂದ ಬಂದುದೋ ಅಗತ್ಯದಿಂದ ಬಂದುದೋ ಎಂದು ಅವನಿಗೂ ಇವನಿಗೂ ತಿಳಿಯುವುದು ಕಷ್ಟ. ಹೊಟ್ಟೆಗಾಗಿ ಮತವನ್ನು ಬದಲಾಯಿಸಿದವರೆಂಬ ಆಕ್ಷೇಪಣೆಯು ಆಗಲೂ ಇತ್ತು, ಈಗಲೂ ಕೇಳಿಬರುತ್ತದೆ. ಆಕ್ಷೇಪಿಸುವವರಲ್ಲಿ ಹಸಿದವರು ಕಡಮೆಯೆಂಬುದನ್ನು ಮಾತ್ರ ಗಮನಿಸಬೇಕು. ಯೋಹಾನನ ಸುವಾರ್ತೆಯಲ್ಲಿ, ರೊಟ್ಟಿಯನ್ನು ತಿಂದು ತೃಪ್ತರಾದುದರಿಂದ ಜನರು ತನ್ನನ್ನು ಹುಡುಕಿಕೊಂಡು ಬಂದರೆಂದು ಯೇಸುವೇ ಅವರನ್ನು ಎಚ್ಚರಿಸುವ ಪ್ರಸಂಗವಿದೆ. ಆದರೆ ಅವನು ಮೊದಲು ರೊಟ್ಟಿಯನ್ನು ಕೊಟ್ಟಿದ್ದನು. ಎಚ್ಚರಿಕೆಯನ್ನು ಆಮೇಲೆ ಕೊಟ್ಟನು. ಈ ಕ್ರಮವು ನೆನಪಿಡತಕ್ಕದ್ದು. ಜೀತವನ್ನು ಬಿಟ್ಟು ಮನುಷ್ಯನಾಗಿ ನಿಲ್ಲಬೇಕೆಂಬ ಬಯಕೆಯನ್ನು ಕೇವಲ ಹೊಟ್ಟೆಯ ಬಯಕೆಯೆಂದು ಕರೆಯುವುದೂ ನ್ಯಾಯವಲ್ಲ.

ಹಣದ ಕಷ್ಟವೂ ಬಂದಿತು. ಕೊಡಗಿನಲ್ಲಿ ಯುರೋಪಿಯನರ ಮೊದಲನೆಯ ಕಾಫಿತೋಟವು ಮಡಿಕೇರಿಯ ಬಳಿ 1854ರಲ್ಲಿ ಎದ್ದಿತು. ಅಲ್ಲಿಂದ ಮುಂದೆ ಹತ್ತು ವರ್ಷಗಳಲ್ಲಿ ಕಾಡಿನ ಮೇಲೆ ಕಾಡು ಬಿದ್ದು ಕಾಫಿಯಾಯಿತು. 1860ರ ದಶಕದ ನಡುವಿನಲ್ಲಿ ಕಾಂಡಕೊರಕದ ಹುಳು ಹಬ್ಬಿ ಗಿಡಗಳು ಎಕರೆಗಟ್ಟಲೆ ಒಣಗಿದುವು. ಈ ಹಾವಳಿಯನ್ನು ವಿಚಾರಿಸುವುದಕ್ಕೆ ಸರ್ಕಾರದವರು ಡಾಕ್ಟರ್ ಬಿಡಿ ಎಂಬವರನ್ನು ನೇಮಿಸಿದರು. ಅವರ ವರದಿಯು 1869ರಲ್ಲಿ ಪ್ರಕಟವಾಯಿತು. ಕಾಫಿಯನ್ನು ನಂಬಿದ ದೊಡ್ಡ ತೋಟಗಾರರೇ ತತ್ತರಿಸಿದ ಆ ಕಾಲದಲ್ಲಿ, ಕಾಫಿಯಿಂದ ಒಂದು ಧರ್ಮಗ್ರಾಮವನ್ನು ಸಾಕುವುದು ಸುಲಭವಾಗಿರಲಿಲ್ಲ. ಮೋಗ್ಲಿಂಗರು ಅದಕ್ಕೆ ಮೊದಲೇ, 1860ರಲ್ಲಿ, ಸ್ವದೇಶಕ್ಕೆ ಹೋದರು. ಅವರು ತಿರುಗಿ ಬರಲಿಲ್ಲ. 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಕೊಡಗಿನ ವಿಚಾರವಾಗಿ ಅವರು 1855ರಲ್ಲಿ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಎಂಬ ಗ್ರಂಥವನ್ನು ಬರೆದರು. ಅದರಲ್ಲಿ ನಮ್ಮ ಆಚಾರಗಳ ಮೇಲೆ ಕಟುವಾದ ತೀರ್ಪುಗಳು ಬಹಳವಾಗಿವೆ. ಅನ್ಯರ ಕಣ್ಣಿನ ಕಸವನ್ನು ತೆಗೆಯಹೊರಟವನು ತನ್ನ ಕಣ್ಣಿನ ತೊಲೆಯನ್ನು ಮೊದಲು ನೋಡಿಕೊಳ್ಳಬೇಕೆಂಬ ಬೋಧೆಯು ಬೋಧಕರಿಗೂ ಅನ್ವಯಿಸುವುದು. ಆದರೆ ಅದೇ ಮನುಷ್ಯರು ತಮ್ಮ ದೇಹದ ವಿರಾಮವನ್ನು ಬಿಟ್ಟು, ಯಾರಿಗೂ ಬೇಡವಾದವರಿಗಾಗಿ ಕಾಡಿನಲ್ಲಿ ಮನೆ ಕಟ್ಟಿದರೆಂಬುದೂ ಅಷ್ಟೇ ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ತಾಳ್ಮೆ ನಮಗಿರಬೇಕು.

ಮಡಿಕೇರಿಯಲ್ಲಿ ಶಾಲೆಯನ್ನು ನಡೆಯಿಸಿದ ಜಿ. ರಿಕ್ಟರ್ ಎಂಬವರು ಅದೇ ಮಿಶನಿನವರು. ಅವರು 1870ರಲ್ಲಿ ಪ್ರಕಟಿಸಿದ ‘ಮ್ಯಾನ್ಯುಅಲ್ ಆಫ್ ಕೂರ್ಗ್’ ಎಂಬ ಗ್ರಂಥವನ್ನು ಇಂದಿಗೂ ಕೊಡಗಿನ ಚರಿತ್ರೆ ಬರೆಯುವವರು ತೆರೆಯದೆ ಇರಲಾರರು. ಅವರ ಕೈಯಲ್ಲಿ ಕಲಿತ ಕೊಡವ ಹುಡುಗರಲ್ಲಿ ಬಹುಮಟ್ಟಿಗೆ ಯಾರೂ ಕ್ರೈಸ್ತರಾಗಲಿಲ್ಲ. ಎಲ್ಲರೂ ಓದುಬರಹವನ್ನು ಕಲಿತರು. ಲೆಕ್ಕ ಹಾಕುವವರು ಇದನ್ನು ಮಿಶನಿನ ಸೋಲೆಂದು ಹೇಳಬಹುದು. ದೀಪವು ಹತ್ತಿರ ಬಂದವನ ಕುಲವನ್ನು ಕೇಳಿ ಬೆಳಕನ್ನು ಕೊಡುವುದಿಲ್ಲವೆಂದು ತಿಳಿದವರಿಗೆ ಅದು ಸೋಲಲ್ಲ.

1914ರ ಮಹಾಯುದ್ಧವು ಪ್ರಾರಂಭವಾದ ಮೇಲೆ ಜರ್ಮನ್ ಪಾದ್ರಿಗಳು ಈ ದೇಶವನ್ನು ಬಿಟ್ಟು ಹೋಗಬೇಕಾಯಿತು. ಆಗ ಸಭೆಗಳು ತಮ್ಮ ಕಾಲಿನ ಮೇಲೆ ನಿಲ್ಲುವುದನ್ನು ಕಲಿತುವು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯು ರಚಿತವಾದಾಗ ಬಾಸೆಲ್ ಮಿಶನಿನ ಸಭೆಗಳಲ್ಲಿ ಬಹು ಭಾಗವು ಅದರಲ್ಲಿ ಸೇರಿದುವು. ಇಂದು ಕೊಡಗಿನ ಕ್ರೈಸ್ತರಲ್ಲಿ ಕೊಂಕಣಿ ಮಾತನಾಡುವವರು, ಮಲಯಾಳ ಮಾತನಾಡುವವರು, ತಮಿಳು ಮಾತನಾಡುವವರು, ಕನ್ನಡ ಮಾತನಾಡುವವರು ಎಲ್ಲರೂ ಇದ್ದಾರೆ. ಕೆನರಾದಿಂದ ಬಂದ ಕಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ, ಮನೆಮಂದಿಯೆಲ್ಲರೂ ಕೂಡಿ ಹೊಸ ಅಕ್ಕಿಯ ಊಟವನ್ನು ಮಾಡುತ್ತಾರೆ. ಎರಡು ಮೂರು ತಿಂಗಳ ಬಳಿಕ ಹುತ್ತರಿಯ ಹುಣ್ಣಿಮೆಗೆ ಕೊಡವ ಮನೆಗಳಲ್ಲಿ ಕದಿರು ಬರುತ್ತದೆ. ಎರಡು ಹಬ್ಬಗಳ ದೇವರು ಬೇರೆಯೆಂದು ಹೇಳುವವರು ಹೇಳಲಿ. ಹೊಸ ಅಕ್ಕಿಯ ಪರಿಮಳವು ಒಂದೇ.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಬರತಕ್ಕ ಪ್ರಶ್ನೆಗಳ ಕಡೆಗೆ ತಿರುಗಿ ಲೇಖನವನ್ನು ಮುಗಿಸುತ್ತೇನೆ. ಜೀತವು ಕಾನೂನಿನಿಂದ ಹೋಗಿದೆ. ಆದರೆ ಕಾಫಿತೋಟಗಳ ಲೈನ್‌ಮನೆಗಳಲ್ಲಿ, ತಮ್ಮದೆಂದು ಹೇಳಿಕೊಳ್ಳಲು ಅಂಗೈಯಗಲ ಭೂಮಿಯೂ ಇಲ್ಲದೆ ಇರುವ ಎರವರೂ ಕುರುಬರೂ ಇತರರೂ ಇನ್ನೂ ಇದ್ದಾರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲುಗಳನ್ನು ಕೆಡವಿದಾಗ ಎದ್ದ ಕೂಗು, 1850ರ ದಶಕದಲ್ಲಿ ಆನಂದಪುರವನ್ನು ಹುಟ್ಟಿಸಿದ ಕೂಗಿಗಿಂತ ಬಹಳ ಬೇರೆಯಾಗಿರಲಿಲ್ಲ. ಬಿಡುಗಡೆಯಾದವನು ಎಲ್ಲಿಗೆ ಹೋಗಬೇಕೆಂಬ ಹಳೆಯ ಪ್ರಶ್ನೆಯೇ ಅದು. ತೋಟವುಳ್ಳ ಕ್ರೈಸ್ತ ಗೃಹಸ್ಥನು ಆದಿತ್ಯವಾರ ದ್ರಾಕ್ಷಾತೋಟದ ದೃಷ್ಟಾಂತವನ್ನು ಕೇಳಿ, ಸೋಮವಾರ ಕೂಲಿಯ ಪಟ್ಟಿಯನ್ನು ತೆಗೆಯುವಾಗ ಆ ಮಾತನ್ನು ನೆನೆಯುತ್ತಾನೆಯೇ? ದೀಪದ ಮುಂದೆ ಹಿರಿಯರನ್ನು ನೆನೆದ ಕೊಡವ ಗೃಹಸ್ಥನೂ, ಮಸೀದಿಯಿಂದ ಬಂದ ವರ್ತಕನೂ, ದೇವಸ್ಥಾನದ ಪ್ರಸಾದವನ್ನು ತಂದ ನೌಕರನೂ ಇದೇ ಪ್ರಶ್ನೆಯನ್ನು ತಮ್ಮ ತಮ್ಮ ಶಾಸ್ತ್ರದ ಮಾತಿನಲ್ಲಿ ಕೇಳಿಕೊಳ್ಳಬಹುದು.

ಒಳ್ಳೆಯ ಉತ್ತರವೂ ನಮ್ಮ ನಾಡಿನಲ್ಲಿ ಇಲ್ಲದಿಲ್ಲ. 2018ರ ಆಗಸ್ಟಿನಲ್ಲಿ ಮಳೆ ಹುಚ್ಚೆದ್ದು ಬೆಟ್ಟಗಳು ಜರಿದಾಗ, ಕೊಡಗಿನ ಶಾಲೆಗಳೂ ಸಮುದಾಯಭವನಗಳೂ ಪ್ರಾರ್ಥನಾಮಂದಿರಗಳ ಅಂಗಳಗಳೂ ನಿರಾಶ್ರಿತರಿಗಾಗಿ ತೆರೆದುವು. ಮನೆಯನ್ನು ಕಳೆದುಕೊಂಡವರಲ್ಲಿ ಐನ್‌ಮನೆಯವರೂ ಇದ್ದರು, ಲೈನ್‌ಮನೆಯವರೂ ಇದ್ದರು. ಒಂದೇ ಚಾಪೆಯ ಮೇಲೆ ಮಲಗಿದರು. ಒಂದೇ ಸಾಲಿನಲ್ಲಿ ನಿಂತು ಅನ್ನವನ್ನು ಪಡೆದರು. ವೀರಾಜಪೇಟೆಯಲ್ಲಿ 1792ರಲ್ಲಿ ತೆರೆದ ಬಾಗಿಲು ಆ ದಿನಗಳಲ್ಲಿ ನಾಡಿನ ಎಲ್ಲ ಕಡೆಗಳಲ್ಲಿಯೂ ತೆರೆದಿತ್ತೆಂದು ಹೇಳಬಹುದು. ಬೆಟ್ಟ ಜರಿದಾಗ ತೆರೆದ ಬಾಗಿಲನ್ನು ಬಿಸಿಲು ಬಂದ ಮೇಲೆಯೂ ತೆರೆದಿಡುವುದೇ ಕಷ್ಟದ ಕೆಲಸ. ಅದು ದಿನದಿನವೂ ಮಾಡತಕ್ಕ ಕೆಲಸ. ಅದಕ್ಕೆ ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ.

ಇಂದು ನಮ್ಮ ಮನೆಗಳಲ್ಲಿ ಕೊಳಗವು ಮೂಲೆ ಸೇರಿದೆ. ಮಕ್ಕಳಿಗೆ ಅದರ ಹೆಸರೂ ತಿಳಿಯದು. ಅಳೆಯುವುದನ್ನು ಮಾತ್ರ ನಾವು ಬಿಟ್ಟಿಲ್ಲ. ಆಳಿಗೆ ಕೊಡುವ ಕೂಲಿಯಲ್ಲಿ, ಬಾಗಿಲಿಗೆ ಬಂದವನಿಗೆ ಕೊಡುವ ಸಮಯದಲ್ಲಿ, ಮನೆಯಿಂದ ಹೊರಗೆ ಹೋದವನ ವಿಚಾರವಾಗಿ ಆಡುವ ಮಾತಿನಲ್ಲಿ ನಾವು ದಿನವೂ ಅಳೆಯುತ್ತಲೇ ಇದ್ದೇವೆ. ಸಂಜೆ ದೀಪ ಹೊತ್ತಿಸಿದಾಗ, ಆ ದಿನ ನಾವು ಹಿಡಿದ ಅಳತೆಯನ್ನು ಒಂದು ಸಾರಿ ಆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.